ಆಟಗಾರರಿಂದ ಎಷ್ಟು ಕೇಳಬಹುದು?

ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2019ರ ಜನವರಿಯಲ್ಲಿ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ವಾಪಸ್ ಬರಬೇಕಾಯಿತು. ಹಾರ್ದಿಕ್ ಪಾಂಡ್ಯ ಜೊತೆ ಅವರು ಕಾಣಿಸಿಕೊಂಡ ಟಿವಿ ಶೋದಲ್ಲಿ ಹೆಣ್ಣುಮಕ್ಕಳ ಬಗ್ಗೆ ಬಂದ ಮಾತುಗಳು ದೊಡ್ಡ ಗಲಾಟೆಯಾಗಿದ್ದವು. ಇಬ್ಬರಿಗೂ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ಕ್ರಿಕೆಟಿಗರನ್ನು ಜನ ಮಾದರಿ ಅಂತ ನೋಡುತ್ತಾರೆ, ನಡತೆಯೂ ಹಾಗೇ ಇರಬೇಕು ಎಂಬುದು ಆ ಆದೇಶದ ತಿರುಳು.

ಇದನ್ನು ಒಪ್ಪದವರು ಮೊದಲೇ ಇದ್ದರು. 1993ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲ್ಸ್ ಬಾರ್ಕ್ಲಿ ನೈಕಿ ಜಾಹೀರಾತಿನಲ್ಲೇ ಹೇಳಿದ್ದರು: ನಾನು ಮಾದರಿಯಲ್ಲ, ಆ ಕೆಲಸ ಅಪ್ಪ ಅಮ್ಮನದು. ಆರಿಸುವುದು ಜನ, ನಾವಲ್ಲ ಎಂದು ಇನ್ನೊಬ್ಬ ಆಟಗಾರ ಕಾರ್ಲ್ ಮಲೋನ್ ಉತ್ತರ ಕೊಟ್ಟರು. ಬಾರ್ಕ್ಲಿ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮಕ್ಕಳನ್ನು ಬೆಳೆಸುವುದು ಆಟಗಾರರ ಕೆಲಸವಲ್ಲ. ಆದರೆ ಅದೇ ಮಕ್ಕಳು ಶೂ ಕೊಳ್ಳಲಿ ಅಂತ ತಾನೇ ಆ ಜಾಹೀರಾತು? ನಮ್ಮ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಮೇಲೆ ಕೋಲಾ ಜಾಹೀರಾತು ಬೇಡ ಅಂದರು. ಆ ತೀರ್ಮಾನಕ್ಕೆ ದೊಡ್ಡ ಬೆಲೆ ಇದೆ.

ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಕಥೆ ಮಾತ್ರ ಬೇರೆ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ರಿಲೇಯಲ್ಲಿ ಚಿನ್ನ. ಮರುತಿಂಗಳೇ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಹಳ್ಳಿಯ ಹುಡುಗಿ ಹೀಗೆ ಓಡಿದರೆ ಊರು ಹೆಮ್ಮೆ ಪಡದೆ ಇರುತ್ತದೆಯೇ? 2011ರಲ್ಲಿ ಅಶ್ವಿನಿಯೂ ಜೊತೆಗಿದ್ದ ಕೆಲವು ಓಟಗಾರ್ತಿಯರೂ ಡೋಪಿಂಗ್ ಪರೀಕ್ಷೆಯಲ್ಲಿ, ಅಂದರೆ ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ, ಸಿಕ್ಕಿಬಿದ್ದರು. ಉಕ್ರೇನ್‌ನ ಕೋಚ್ ತಂದುಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಯಿಂದ ಹೀಗಾಯಿತು ಅಂತ ಓಟಗಾರ್ತಿಯರು ಹೇಳಿದರು. ಮೊದಲು ಒಂದು ವರ್ಷ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ದೇಹದೊಳಗೆ ಏನು ಹೋಗುತ್ತದೆ ಎಂಬುದಕ್ಕೆ ಓಟಗಾರರೇ ಹೊಣೆ. ಈ ನಿಯಮ ಬೇಕು, ನಾನು ಒಪ್ಪುತ್ತೇನೆ. ಆದರೆ ಶಿಬಿರದಲ್ಲಿ ಕೋಚ್ ಕೊಟ್ಟದ್ದನ್ನು ನಂಬಿ ನುಂಗುವ ಹುಡುಗಿಯನ್ನು ಮಾತ್ರ ಕೆಟ್ಟ ಮಾದರಿ ಅಂದು ಕೈತೊಳೆದುಕೊಳ್ಳುವುದು ಅನ್ಯಾಯ.

ಜಾಹೀರಾತಿನ ವಿಷಯಕ್ಕೆ ಈಗ ಕಾನೂನು ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಸುಳ್ಳು ಜಾಹೀರಾತಿನಲ್ಲಿ ಕಾಣಿಸಿಕೊಂಡ ತಾರೆಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹೆಸರು ಮಾರಿ ದುಡ್ಡು ಪಡೆದವರನ್ನು ಇಷ್ಟು ಕೇಳುವುದು ಸರಿಯೇ.

ಏನನ್ನೂ ಮಾರದವರ ಮೇಲೂ ನಾವು ಭಾರ ಹೊರಿಸುತ್ತೇವೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು, ಅಂದರೆ ಕೋಣಗಳ ಜೊತೆ ಓಡುವ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡ್‌ನಲ್ಲಿ ಓಡಿದರು. ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದವರು ರಾತ್ರೋರಾತ್ರಿ ದೇಶದ ಉಸೇನ್ ಬೋಲ್ಟ್ ಆದರು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕ್‌ನಲ್ಲಿ ಬೆರಳ ತುದಿಯಲ್ಲಿ ಓಡಬೇಕು, ಎರಡೂ ಬೇರೆ ಅಂದರು. ನನಗೆ ಆ ಉತ್ತರ ತುಂಬಾ ಹಿಡಿಸಿತು. ಬೋಲ್ಟ್ ಹೆಸರನ್ನು ಅವರಿಗೆ ಅಂಟಿಸಿದ್ದು ನಾವೇ, ಅವರು ಕೇಳಿರಲಿಲ್ಲ.