ಪದ ಪರಿಚಯ: ಅಡಾಪ್ಟೋಜೆನ್

ಚಳಿಯಲ್ಲಿ ನೆನೆದು ಬಂದವರಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವುದು ಶುಂಠಿ, ಕಾಳುಮೆಣಸಿನ ಕಷಾಯ. ಅದು ‘ಉಷ್ಣ’ ಎನ್ನುತ್ತೇವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುವ ನರತುದಿಗಳನ್ನು ಮೆಣಸಿನ ಖಾರವೂ ಎಚ್ಚರಿಸುತ್ತದೆ. ಹಾಗಾಗಿ ಮೈ ಬೆಚ್ಚಗಾದಂತೆ ಅನಿಸುತ್ತದೆ. ಆದರೆ ಅನಿಸಿಕೆ ಬೇರೆ, ಒಡಲಿನ ಒಳಗಿನ ತಾಪ ಬೇರೆ. ಅಡಾಪ್ಟೋಜೆನ್ ಎಂಬ ಪದ ಕಿವಿಗೆ ಬಿದ್ದಾಗ ಹಲವರು ಅದನ್ನು ಈ ‘ಉಷ್ಣ’ದ ಹೊಸ ಹೆಸರೆಂದು ತಿಳಿಯುತ್ತಾರೆ. ಅದು ತಪ್ಪು ತಿಳಿವಳಿಕೆ.

ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ 1947ರಲ್ಲಿ ಈ ಪದವನ್ನು ಬಳಕೆಗೆ ತಂದರು. ಚಳಿ, ದಣಿವು, ಆಮ್ಲಜನಕದ ಕೊರತೆ ಹೀಗೆ ಯಾವುದೇ ಒತ್ತಡ ಬಂದರೂ ದೇಹ ಅದಕ್ಕೆ ಹೊಂದಿಕೊಳ್ಳಲು ನೆರವಾಗುವ, ಆದರೆ ತಾನಾಗಿ ದೇಹವನ್ನು ಕೆಡಿಸದ ವಸ್ತು ಎಂಬುದು ಇದರ ಅರ್ಥ.

ಮಾತು ಸುಲಭ, ಅಳೆಯುವುದು ಹೇಗೆ? ಇದಕ್ಕೆ ದೆಹಲಿಯ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ಪರೀಕ್ಷೆಯನ್ನು ನೋಡಬೇಕು. ಹಿಮಾಲಯದ ಎತ್ತರದಲ್ಲಿ ಕಾವಲಿರುವ ಸೈನಿಕರನ್ನು ಚಳಿ ಮತ್ತು ತೆಳು ಗಾಳಿ ಒಟ್ಟಿಗೇ ಕಾಡುತ್ತವೆ. ಪರೀಕ್ಷೆಯಲ್ಲೂ ಹಾಗೆಯೇ: ಅಲುಗಾಡದಂತೆ ಹಿಡಿದಿಟ್ಟ ಇಲಿಯನ್ನು 5 ಡಿಗ್ರಿ ಚಳಿಯಲ್ಲಿ, 428 ಮಿಲಿಮೀಟರ್ ಪಾದರಸದಷ್ಟು ಕಡಿಮೆ ಒತ್ತಡದಲ್ಲಿ ಇಡುತ್ತಾರೆ. ಅದು ಸುಮಾರು 4572 ಮೀಟರ್ ಎತ್ತರದ ಗಾಳಿಗೆ ಸಮ. ಗುದದ್ವಾರದಲ್ಲಿಟ್ಟ ಉಷ್ಣಮಾಪಕ 23 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು, ಹೊರತೆಗೆದ ಮೇಲೆ 37ಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳುತ್ತಾರೆ. ಮೊದಲೇ ಗಿಡಮೂಲಿಕೆಯ ಸಾರ ಕುಡಿಸಿದ ಇಲಿಯ ತಾಪ ನಿಧಾನವಾಗಿ ಇಳಿದು ಬೇಗ ಮರಳಿದರೆ ಅದು ಅಡಾಪ್ಟೋಜೆನ್ ಗುಣದ ಗುರುತು. ಮೂಲಿಕೆ ಮೈಯನ್ನು ಕಾಯಿಸಬೇಕಾಗಿಲ್ಲ. ಇರುವ ಕಾವು ಸೋರಿ ಬರಿದಾಗುವುದನ್ನು ತಡ ಮಾಡಿದರೆ ಸಾಕು. ಈ ಸ್ಪಷ್ಟತೆಯೇ ನನಗೆ ಈ ಪರೀಕ್ಷೆಯಲ್ಲಿ ಬಹಳ ಮೆಚ್ಚಿಗೆಯಾದದ್ದು.

ಹೀಗೆ ಪರೀಕ್ಷೆಗೆ ಒಳಗಾಗಿ ಗೆದ್ದವುಗಳಲ್ಲಿ ಲಡಾಖಿನ ರೋಡಿಯೋಲಾ ಬೇರಿನ ಸಾರವೂ ಒಂದು. ಅಲ್ಲಿಯವರು ಆ ಗಿಡವನ್ನು ಸೋಲೋ ಎನ್ನುತ್ತಾರೆ. ಎಳೆಯ ಎಲೆಗಳನ್ನು ಬೇಯಿಸಿ ಮೊಸರಿಗೆ ಕಲಸಿ ತಾಂಗ್‌ಥುರ್ ಮಾಡಿ ಉಣ್ಣುತ್ತಾರೆ. ನಮ್ಮ ತಂಬುಳಿಯ ದೂರದ ನೆಂಟ ಎನ್ನಬಹುದು. ಚಳಿಯಲ್ಲಿ ಇಲಿಯ ಜೀವಕೋಶಗಳ ಶಕ್ತಿಯ ದಾಸ್ತಾನು ಬೇಗ ಬರಿದಾಗದಂತೆ ಈ ಸಾರ ನೋಡಿಕೊಳ್ಳುತ್ತದೆ ಎಂಬುದು ಸಂಶೋಧಕರು ಕೊಡುವ ವಿವರಣೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಇದೆಲ್ಲ ಇಲಿಯ ಲೆಕ್ಕ, ಅದೂ ಚಳಿಗೆ ಒಡ್ಡುವ ಮೊದಲೇ ಸಾರ ಕುಡಿಸಿದಾಗಿನ ಲೆಕ್ಕ. ಆಗಲೇ ಮೈ ತಣ್ಣಗಾದ ಮನುಷ್ಯನಿಗೆ ಇದು ಅನ್ವಯಿಸುವುದಿಲ್ಲ. ಮನುಷ್ಯನ ಒಡಲ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಜೀವಕ್ಕೆ ಅಪಾಯ. ಆಗ ಒದ್ದೆ ಬಟ್ಟೆ ಬಿಡಿಸಿ, ಕಂಬಳಿ ಹೊದಿಸಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.