ಡಿಕ್ಲರೇಟಿವ್ ಕಾನ್ಫಿಗರೇಶನ್ ಅಂದರೆ ಏನು?

‘ಘೋಷಣಾತ್ಮಕ ಸಂರಚನೆ’ ಅಂತ ಕನ್ನಡ ಮಾಡಬಹುದು. ಆದರೆ ಅದನ್ನು ಓದಿದರೆ ಲ್ಯಾಪ್‌ಟಾಪಿಗಿಂತ ಮೊದಲು ಮೆರವಣಿಗೆ ನೆನಪಾಗುತ್ತದೆ. ಹಾಗಾಗಿ ಡಿಕ್ಲರೇಟಿವ್ ಅಂತಲೇ ಇರಲಿ.

ಲಿನಕ್ಸ್ ಲ್ಯಾಪ್‌ಟಾಪನ್ನು ನಾವು ಸಾಮಾನ್ಯವಾಗಿ ಸಜ್ಜು ಮಾಡುವುದು ಒಂದೊಂದೇ ಕಮಾಂಡ್ ಕೊಟ್ಟು: ಇದನ್ನು ಇನ್‌ಸ್ಟಾಲ್ ಮಾಡು, ಆ ಫೈಲಿನಲ್ಲಿ ಈ ಸಾಲು ತಿದ್ದು. ಎರಡು ವರ್ಷ ಕಳೆಯುವಷ್ಟರಲ್ಲಿ ಏನೇನು ಮಾಡಿದ್ದೆವೋ ನಮಗೇ ಮರೆತಿರುತ್ತದೆ. ಡಿಕ್ಲರೇಟಿವ್ ಪದ್ಧತಿಯಲ್ಲಿ ಲ್ಯಾಪ್‌ಟಾಪ್ ಕೊನೆಗೆ ಹೇಗಿರಬೇಕು ಎಂಬುದನ್ನಷ್ಟೇ ಬರೆದಿಡುತ್ತೇವೆ. ಹಾಗೆ ಮಾಡಿಕೊಡುವುದು ಸಿಸ್ಟಮ್ಮಿನ ಕೆಲಸ.

ಕಮಾಂಡುಗಳನ್ನೆಲ್ಲ ಒಂದು ಶೆಲ್ ಸ್ಕ್ರಿಪ್ಟಿಗೆ ತುಂಬಿಟ್ಟರೆ ಸಾಲದೇ? ಸಾಲದು, ವ್ಯತ್ಯಾಸ ಗೊತ್ತಾಗುವುದು ಅಳಿಸುವಾಗ. ಈ ಪದ್ಧತಿಯಲ್ಲೇ ನಡೆಯುವ ಲಿನಕ್ಸ್ ಆದ ನಿಕ್ಸ್‌ಓಎಸ್‌ನ ಕಾನ್ಫಿಗರೇಶನ್ ಫೈಲಿನಲ್ಲಿ ‘ಸರ್ವೀಸಸ್.ಓಪನ್‌ಎಸ್‌ಎಸ್‌ಎಚ್.ಎನೇಬಲ್ = ಟ್ರೂ;’ ಎಂದು ಒಂದು ಸಾಲು ಬರೆದು ರೀಬಿಲ್ಡ್ ಮಾಡಿದರೆ (ಅಂದರೆ ಫೈಲಿನಲ್ಲಿ ಇರುವಂತೆ ಸಿಸ್ಟಮ್ಮನ್ನು ಮತ್ತೆ ಕಟ್ಟಿಸಿದರೆ) ದೂರದಿಂದ ಲಾಗಿನ್ ಆಗಲು ಬಿಡುವ ಎಸ್‌ಎಸ್‌ಎಚ್ ಸರ್ವರ್ ಶುರುವಾಗುತ್ತದೆ, ಫೈರ್‌ವಾಲಿನಲ್ಲಿ 22ನೇ ಪೋರ್ಟೂ ತೆರೆದುಕೊಳ್ಳುತ್ತದೆ. ಸಾಲು ಅಳಿಸಿ ಮತ್ತೆ ರೀಬಿಲ್ಡ್ ಮಾಡಿ: ಸರ್ವರ್ ನಿಂತಿರುತ್ತದೆ, ಪೋರ್ಟ್ ಮುಚ್ಚಿರುತ್ತದೆ. ಸ್ಕ್ರಿಪ್ಟಿನಲ್ಲಿ ಸಾಲು ಅಳಿಸಿದರೆ ಹಿಂದೆ ಹಾಕಿದ್ದು ಅಲ್ಲೇ ಕೂತಿರುತ್ತದೆ.

ಇದಕ್ಕೆ ಆಧಾರ ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್, ಅಂದರೆ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಡುವ ಸಾಧನ. ಎಲ್ಕೋ ಡೋಲ್‌ಸ್ಟ್ರಾ ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಪಿಎಚ್‌ಡಿ ಪಡೆದದ್ದು ಇದರ ಮೇಲೆಯೇ. ಪ್ರತಿ ಪ್ಯಾಕೇಜೂ ‘ನಿಕ್ಸ್ ಸ್ಟೋರ್’ ಎಂಬ ಫೋಲ್ಡರಿನಲ್ಲಿ, ಹೆಸರಿನ ಮುಂದೆ ಒಂದು ಹ್ಯಾಶ್ (ಅದಕ್ಕೇ ಮೀಸಲಾದ ಅಕ್ಷರ-ಅಂಕಿಗಳ ಗುರುತು) ಅಂಟಿಸಿಕೊಂಡು, ಬೇರೆಬೇರೆಯಾಗಿ ಕೂರುತ್ತದೆ. ಹೊಸದು ಹಳೆಯದನ್ನು ತುಳಿಯುವುದಿಲ್ಲ. ಹೀಗಾಗಿ ಪ್ರತಿ ರೀಬಿಲ್ಡೂ ಬೂಟ್ ಮೆನುವಿನಲ್ಲಿ ಒಂದೊಂದು ‘ಜನರೇಶನ್’ ಆಗಿ ಉಳಿಯುತ್ತದೆ. ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟು ಪರದೆ ಕಪ್ಪಾದರೆ ಹಿಂದಿನದನ್ನು ಆರಿಸಿ ಒಳಗೆ ಹೋದರಾಯಿತು. ಡಿಸ್ಕ್ ಮಾತ್ರ ಬೇಗ ತುಂಬುತ್ತದೆ, ಆಗಾಗ ಹಳೆಯ ಜನರೇಶನ್‌ಗಳನ್ನು ಗುಡಿಸಬೇಕು. ಸ್ಕೀಮ್ ಭಾಷೆ ಇಷ್ಟವಿದ್ದವರಿಗೆ ಇದೇ ದಾರಿಯ ಗ್ನೂ ಗೀಕ್ಸ್ ಇದೆ.

ನನ್ನ ಕೇಳಿದರೆ, ಒಂದೇ ಲ್ಯಾಪ್‌ಟಾಪಿಗೆ ಇದು ತುಸು ಅತಿಯೇ. ನಿಕ್ಸ್ ಭಾಷೆಯ ಎರರ್ ಮೆಸೇಜುಗಳು ತಾಳ್ಮೆ ಪರೀಕ್ಷಿಸುತ್ತವೆ. ಎರಡನೇ ಯಂತ್ರ ಬಂದ ದಿನ, ಅದೇ ಫೈಲಿನಿಂದ ಅದನ್ನೂ ಸಜ್ಜು ಮಾಡುವಾಗ, ಆ ಶ್ರಮಕ್ಕೆ ಬೆಲೆ ಬರುತ್ತದೆ.

ಇನ್ನು, ಅಳಿಸಿದರೆ ಹೋಗುವುದು, ಹಿಂದಕ್ಕೆ ಮರಳುವುದು ಎಲ್ಲ ಫೈಲಿನಲ್ಲಿ ಬರೆದದ್ದಕ್ಕಷ್ಟೇ. ಮೇಲಿನ ಉದಾಹರಣೆಯಲ್ಲೇ, ಎಸ್‌ಎಸ್‌ಎಚ್ ಸರ್ವರ್ ಹುಟ್ಟಿಸಿಕೊಂಡ ಹೋಸ್ಟ್ ಕೀಗಳು (ಆ ಯಂತ್ರದ ಗುರುತಿನ ಕೀಲಿಗಳು) ಸಾಲು ಅಳಿಸಿದ ಮೇಲೂ ಡಿಸ್ಕಿನಲ್ಲಿ ಉಳಿದಿರುತ್ತವೆ. ಹಳೆಯ ಜನರೇಶನ್‌ಗೆ ಮರಳಿದರೂ ಅಳಿಸಿಹೋದ ಫೋಟೋ ವಾಪಸ್ ಬರುವುದಿಲ್ಲ. ಅದಕ್ಕೆ ಬ್ಯಾಕಪ್ಪೇ ಬೇಕು. ಪಾಸ್‌ವರ್ಡನ್ನಂತೂ ಫೈಲಿನಲ್ಲಿ ಹಾಗೇ ಬರೆಯಬೇಡಿ: ನಿಕ್ಸ್ ಸ್ಟೋರಿಗೆ ಸೇರಿದ್ದನ್ನು ಆ ಯಂತ್ರದ ಯಾವ ಬಳಕೆದಾರ ಬೇಕಾದರೂ ಓದಬಹುದು.