ಮೆಷಿನ್ ಕೆಟ್ಟಿಲ್ಲ, ಪೈಪ್ ಸಣ್ಣಗಾಗಿದೆ

ಹೋದ ತಿಂಗಳು ಅಕ್ಕ ಫೋನ್ ಮಾಡಿ, ವಾಷಿಂಗ್ ಮೆಷಿನ್ ಕೆಟ್ಟೋಗಿದೆ ಕಣೋ, ಯುಟಿಲಿಟಿಯಿಂದ ಅಡುಗೆಮನೆವರೆಗೂ ನೀರೋ ನೀರು ಅಂದ್ಲು. ರಿಪೇರಿಯವನು ಬಂದು ಪಂಪ್ ಬದಲಾಯಿಸ್ಬೇಕು ಅಂದನಂತೆ, ಎದುರುಮನೆಯವರು ಈಶಾನ್ಯದಲ್ಲಿ ಕೊಳೆ ನೀರು ಬಿಟ್ರೆ ಹೀಗೇ ಆಗೋದು, ಮೆಷಿನ್ನನ್ನ ವಾಯವ್ಯಕ್ಕೆ ಇಡಿ ಅಂದ್ರಂತೆ. ನಾನು ಕೇಳಿದ್ದು ಒಂದೇ, ನೀರು ಡ್ರಮ್ ಒಳಗೆ ನಿಂತಿದ್ಯಾ, ಇಲ್ಲ ನೆಲದ ಜಾಲಿಯಿಂದ ಮೇಲಕ್ಕೆ ಬರ್ತಿದ್ಯಾ? ಜಾಲಿಯಿಂದ ಅಂದ್ಲು. ಹಾಗಾದ್ರೆ ಪಂಪ್ ಗಟ್ಟಿಮುಟ್ಟಾಗಿದೆ. ಪಂಪ್ ಸತ್ತಿದ್ರೆ ನೀರು ಡ್ರಮ್ಮಲ್ಲೇ ಉಳೀತಿತ್ತು, ಬಟ್ಟೆ ಹಿಂಡ್ತಾನೇ ಇರ್ಲಿಲ್ಲ, ಜಾಲಿಯಲ್ಲಿ ಒಂದು ಹನಿನೂ ಉಕ್ತಿರ್ಲಿಲ್ಲ. ಪಂಪ್ ತನ್ನ ಕೆಲಸ ಸರಿಯಾಗಿ ಮಾಡ್ತಿರೋದಕ್ಕೇ ಮನೆಯೊಳಗೆ ನೀರು ಬಂದಿರೋದು.

ಅವಳು ಒಪ್ಪಲಿಲ್ಲ. ಮಗ್ಗಲ್ಲಿ ನೀರು ಸುರಿದು ನೋಡಿದೀನಿ, ಸರಾಗವಾಗಿ ಹೋಗುತ್ತೆ, ಪೈಪ್ ಕಟ್ಟಿಲ್ಲ ಅಂದ್ಲು. ಎಲ್ಲರೂ ತಪ್ಪೋದು ಇಲ್ಲೇ. ಪೈಪ್ ಅಂದ್ರೆ ಒಂದೋ ಕಟ್ಟಿದೆ ಇಲ್ಲಾ ಕಟ್ಟಿಲ್ಲ, ಲೈಟಿನ ಸ್ವಿಚ್ ಥರ ಅಂತ ನಮ್ಮ ತಲೇಲಿ ಕೂತಿದೆ. ಪೈಪಿಗೆ ಮುಖ್ಯ ಆಗೋದು ಎಷ್ಟು ನೀರು ಅನ್ನೋದಲ್ಲ, ಎಷ್ಟು ಹೊತ್ತಲ್ಲಿ ಎಷ್ಟು ನೀರು ಅನ್ನೋದು. ಮೆಷಿನ್ ಪಂಪ್ ನಿಮಿಷಕ್ಕೆ ಸುಮಾರು 15ರಿಂದ 20 ಲೀಟರ್ ತಳ್ಳುತ್ತೆ, ಮೇಲಿಂದ ಬಟ್ಟೆ ಹಾಕೋ ಮೆಷಿನ್ನಾದ್ರೆ ಒಂದೇ ಸಲಕ್ಕೆ 40-50 ಲೀಟರ್ ಎರಡು ಮೂರು ನಿಮಿಷದಲ್ಲಿ. ನಿಮಿಷಕ್ಕೆ 8 ಲೀಟರ್ ಮಾತ್ರ ಹೋಗೋ ಪೈಪ್ ಮಗ್ಗಿನ ನೀರಿಗೆ ಹೊಚ್ಚಹೊಸ ಪೈಪಿನ ಹಾಗೇ ಕಾಣುತ್ತೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ. ರಾಬರ್ಟ್ ಮ್ಯಾನಿಂಗ್ ಅಂತ ಐರ್ಲೆಂಡಿನ ಎಂಜಿನಿಯರ್ ಒಬ್ಬರು 1889ರಲ್ಲಿ ಕಾಲುವೆ, ಚರಂಡಿಗಳಲ್ಲಿ ನೀರು ಎಷ್ಟು ವೇಗವಾಗಿ ಹರಿಯುತ್ತೆ ಅನ್ನೋದಕ್ಕೆ ಸೂತ್ರ ಮಂಡಿಸಿದ್ರು, ಇವತ್ತಿಗೂ ಚರಂಡಿ ಲೆಕ್ಕ ಹಾಕೋರು ಅವರ ಹೆಸರಿನ ಸೂತ್ರವನ್ನೇ ಬಳಸ್ತಾರೆ. ಅದರ ಪ್ರಕಾರ ತುಂಬಿ ಹರಿಯೋ ಇಳಿಜಾರಿನ ಪೈಪಿನ ವ್ಯಾಸ ಅರ್ಧ ಆದ್ರೆ ನೀರು ಅರ್ಧ ಆಗಲ್ಲ, ಕಾಲುಭಾಗನೂ ಅಲ್ಲ, ಹೆಚ್ಚುಕಮ್ಮಿ ಆರನೇ ಒಂದು ಭಾಗಕ್ಕೆ ಇಳಿದುಬಿಡುತ್ತೆ. ಎರಡು ಇಂಚಿನ ಪೈಪ್ ಒಳಗೆ ಸುತ್ತಲೂ 6 ಮಿಲಿಮೀಟರ್, ಅಂದ್ರೆ ಒಂದು ಪೆನ್ಸಿಲಿನಷ್ಟು ದಪ್ಪ ಜಿಡ್ಡು ಕೂತ್ರೆ ಸಾಕು, ಹರಿವು ಅರ್ಧಕ್ಕರ್ಧ ಹೋಯ್ತು. ಯಾಕೆ ಅಂದ್ರೆ ಜಾಗ ಕಮ್ಮಿ ಆಗೋದು ಒಂದು ಕಡೆ, ಉಳಿದ ನೀರಿನಲ್ಲಿ ಗೋಡೆ ಸವರಿಕೊಂಡು ಹೋಗೋ ನೀರಿನ ಪಾಲು ಜಾಸ್ತಿ ಆಗೋದು ಇನ್ನೊಂದು ಕಡೆ. ತೇರಿನ ಬೀದೀಲಿ ನೋಡಿ, ನಡುವೆ ಇರೋರು ಬೇಗ ಸಾಗ್ತಾರೆ, ಅಂಗಡಿ ಪಕ್ಕ ಇರೋರು ಅಲ್ಲಲ್ಲೇ ತಡೀತಾರೆ. ಅದೇ ಜನ ಗಲ್ಲಿಗೆ ನುಗ್ಗಿದ್ರೆ ಎಲ್ಲರೂ ಅಂಗಡಿ ಪಕ್ಕದೋರೇ. 

ಆ ಜಿಡ್ಡು ಬರೋದು ಎಲ್ಲಿಂದ? ಅಕ್ಕನ ಮನೆಗೆ ಬೋರ್ ನೀರು, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಸೋಪು ಕ್ಯಾಲ್ಸಿಯಂ ಜೊತೆ ಸೇರಿದ್ರೆ ಒಡೆದ ಹಾಲಿನ ಥರ ಬಿಳಿ ಗಷ್ಟು ಆಗುತ್ತೆ, ಅದು ನೀರಲ್ಲಿ ಕರಗಲ್ಲ. ಬೋರ್ ನೀರಲ್ಲಿ ಸೋಪು ನೊರೆ ಬರಲ್ಲ ಅಂತಾರಲ್ಲ, ನೊರೆ ಆಗಬೇಕಿದ್ದ ಸೋಪೇ ಹೀಗೆ ಗಷ್ಟಾಗಿ ಹೋಗಿರುತ್ತೆ. ಅದಕ್ಕೆ ಬಟ್ಟೆಯ ಜುಂಗು, ಕೂದಲು, ಪಾತ್ರೆ ತೊಳೆದ ಎಣ್ಣೆ ಅಂಟ್ಕೊಂಡ್ರೆ ಗಾರೆ ಮೆತ್ತಿದ ಹಾಗೇ.

ಇದಕ್ಕೆ ಆಸಿಡ್ ಸುರೀತಾರೆ, ದಯವಿಟ್ಟು ಬೇಡ. ಆಸಿಡ್ ಆ ಗಷ್ಟಿನಿಂದ ಕ್ಯಾಲ್ಸಿಯಂನ ಬಿಡಿಸುತ್ತೆ ನಿಜ, ಆದ್ರೆ ಉಳಿಯೋದು ಕೊಬ್ಬಿನ ಆಮ್ಲ, ಮೇಣದ ಥರದ್ದು, ಅದೂ ನೀರಲ್ಲಿ ಕರಗಲ್ಲ, ಮುಂದಿನ ಎಲ್ಬೋಲಿ, ಅಂದ್ರೆ ಪೈಪಿನ ತಿರುವಲ್ಲಿ, ಹೋಗಿ ಕೂರುತ್ತೆ. ಸೋಡಾ ಜೊತೆ ವಿನೆಗರ್ ಹಾಕಿದ್ರೆ ಬುಸ್ ಅನ್ನೋದು ನೋಡೋಕೆ ಚೆಂದ, ಒಂದನ್ನೊಂದು ಕೊಂದು ಕೊನೆಗೆ ಉಳಿಯೋದು ಉಪ್ಪಿನ ನೀರು. ಎಲ್ಲಕ್ಕಿಂತ ನನಗೆ ಭಯ ಆಗೋದು ಆಸಿಡ್ ಹಾಕಿದ ಜಾಲಿಗೇ ಬ್ಲೀಚಿಂಗ್ ಪೌಡರ್ ಹಾಕೋರನ್ನ ಕಂಡ್ರೆ. ಎರಡೂ ಸೇರಿದ್ರೆ ಬರೋದು ಕ್ಲೋರಿನ್ ಅನಿಲ, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಸೈನಿಕರ ಮೇಲೆ ಬಿಟ್ಟಿದ್ದು ಅದನ್ನೇ. ಕಿಟಕಿ ಇಲ್ಲದ ಬಾತ್‌ರೂಮಲ್ಲಿ ಅದನ್ನ ಮಾಡ್ಕೋಬಾರ್ದು.

ಭಾನುವಾರ ಹೋಗಿ ಮೊದಲು ಮಾಡಿದ್ದು ಮನೆ ಕೊಳೆ ನೀರು ಬಂದು ಸೇರೋ ಹೊರಗಿನ ಚೇಂಬರ್ ಮುಚ್ಚಳ ಎತ್ತಿ ನೋಡಿದ್ದು. ಇದು ಒಂದು ನಿಮಿಷದ ಕೆಲಸ, ಯಾರೂ ಮಾಡಲ್ಲ. ಮೆಷಿನ್ ನೀರು ಬಿಡುವಾಗ ಚೇಂಬರ್ ತುಂಬಿ ನಿಂತಿದ್ರೆ ತೊಂದರೆ ರಸ್ತೆ ಕಡೆ, ಒಣಗಿದ್ರೆ ತೊಂದರೆ ಮನೆ ಒಳಗೆ. ಅಕ್ಕ ಒಳಗಿಂದ ಈಗ ಬಿಟ್ಟೆ ಅಂತ ಕೂಗಿದ್ಲು. ಚೇಂಬರಲ್ಲಿ ಬೆರಳು ಗಾತ್ರದ ಧಾರೆ ಬಂತು, ಅಷ್ಟೇ. ಒಳಗೆ ಜಾಲಿ ಉಕ್ತಾ ಇತ್ತು.

ಜಾಲಿ ಎತ್ತಿದ್ರೆ ಕೆಳಗೆ ಟ್ರ್ಯಾಪ್, ಬಟ್ಟಲಿನ ಹಾಗೆ ನೀರು ಹಿಡ್ಕೊಂಡಿರೋದು. ಕೆಲವರು ಆ ನೀರು ನಿಂತಿರೋದೇ ತೊಂದರೆ ಅಂತ ಟ್ರ್ಯಾಪ್ ಒಳಗಿನ ಬಟ್ಟಲು ತೆಗೆದೇ ಬಿಸಾಕ್ತಾರೆ. ಆ ಎರಡು ಇಂಚು ನೀರೇ ಚರಂಡಿ ವಾಸನೆಗೂ ಜಿರಲೆಗೂ ಮುಚ್ಚಿದ ಬಾಗಿಲು. ಇದೇ ಉಪಾಯನ ಕಕ್ಕಸಿಗೆ ಅಂತ ಬಾಗಿದ ಪೈಪ್ ರೂಪದಲ್ಲಿ 1775ರಲ್ಲಿ ಪೇಟೆಂಟ್ ಮಾಡಿಸಿದ್ದು ಅಲೆಕ್ಸಾಂಡರ್ ಕಮಿಂಗ್, ಲಂಡನ್ನಲ್ಲಿದ್ದ ಗಡಿಯಾರ ಮಾಡೋ ಮನುಷ್ಯ. ಒಂದು ಸ್ಪ್ರಿಂಗಿಲ್ಲ, ಮುಚ್ಚಳ ಇಲ್ಲ, ನೀರಿಗೆ ನೀರೇ ಕಾವಲು. ನನಗಂತೂ ಅವರು ಮಾಡಿದ ಯಾವ ಗಡಿಯಾರಕ್ಕಿಂತ ಇದೇ ದೊಡ್ಡದು ಅನ್ಸುತ್ತೆ.

ಅಕ್ಕನ ಮನೆ ಟ್ರ್ಯಾಪಿಗೆ ಗ್ಲೌಸ್ ಹಾಕ್ಕೊಂಡು ಕೈ ಹಾಕಿದೆ. ಬೂದು ಬಣ್ಣದ, ಒದ್ದೆ ಕಂಬಳಿ ತುಂಡಿನಂಥ ಜುಂಗಿನ ಉಂಡೆ ಬಂತು, ಒಳಗೆ ಶರ್ಟಿನ ಎರಡು ಗುಂಡಿ, ಒಂದು ಹೇರ್‌ಪಿನ್. ಮುಂದಿನ ಪೈಪಿಗೆ ಪ್ಲಂಬರ್ ಉದ್ದದ ಸ್ಪ್ರಿಂಗ್ ಬಿಟ್ಟು ತಿರುಗಿಸಿದಾಗ ಬಿಳಿ ಹಕ್ಕಳೆ ಹಕ್ಕಳೆ ಚೇಂಬರಿಗೆ ಬಿತ್ತು, ಮುರಿದು ನೋಡಿದ್ರೆ ಮರದ ಉಂಗುರದ ಥರ ಪದರ ಪದರ. ಆಮೇಲೆ 15 ಲೀಟರ್ ಬಕೆಟ್ ಒಂದೇ ಸಲ ಸುರಿದ್ವಿ, ಮುಕ್ಕಾಲು ನಿಮಿಷದೊಳಗೆ ಖಾಲಿ. ಮಗ್ಗಲ್ಲ, ಬಕೆಟ್, ಪರೀಕ್ಷೆ ಮಾಡೋದಾದ್ರೆ ಹೀಗೆ ಮಾಡಿ. ಮೆಷಿನ್ ಮಾತ್ರ ಈಶಾನ್ಯದಲ್ಲೇ ಇದೆ, ನೀರು ಉಕ್ಕಿಲ್ಲ.

ಇನ್ನೊಂದು ಹೇಳ್ಬೇಕು, ಅಪಾರ್ಟ್‌ಮೆಂಟಲ್ಲಿ ನೆಲಮಹಡಿ, ಮೊದಲ ಮಹಡಿಯೋರಿಗೆ. ನಿಮ್ಮ ಮೆಷಿನ್ ಆಫ್ ಇದ್ದಾಗಲೂ ಜಾಲಿಯಿಂದ ನೊರೆ ಉಬ್ಬಿ ಬಂದ್ರೆ ಅದು ಮೇಲಿನ ಮನೆಗಳದ್ದು. ಅಷ್ಟು ಎತ್ತರದಿಂದ ಬಿದ್ದ ಸೋಪಿನ ನೀರು ಪೈಪಿನ ಬುಡದ ತಿರುವಲ್ಲಿ ಗಾಳಿ ಜೊತೆ ಕಡೆದು ನೊರೆಯಾಗುತ್ತೆ, ನೀರು ಕೆಳಗೆ ಹೋಗುತ್ತೆ, ಹಗುರವಾದ ನೊರೆ ಅಲ್ಲೇ ಕಟ್ಟಿಕೊಂಡು ಗಾಳಿಯ ಒತ್ತಡಕ್ಕೆ ಹತ್ತಿರದ ಟ್ರ್ಯಾಪ್ ದಾಟಿ ಬರುತ್ತೆ. ಅಮೆರಿಕದ ಕೆಲವು ಪ್ಲಂಬಿಂಗ್ ನಿಯಮಗಳಲ್ಲಿ ತಿರುವಿಂದ ಮೇಲಕ್ಕೆ ಪೈಪ್ ವ್ಯಾಸದ 40 ಪಟ್ಟು, ಅಂದ್ರೆ 100 ಮಿಲಿಮೀಟರ್ ಪೈಪಾದ್ರೆ 4 ಮೀಟರ್, ನೊರೆಯ ಒತ್ತಡದ ವಲಯ ಅಂತ ಗುರುತಿಸಿದ್ದಾರೆ. ಕೆಳಗಿನ ಮನೆಯೋರು ತಮ್ಮ ಪೈಪ್ ಎಷ್ಟು ಸಲ ಕ್ಲೀನ್ ಮಾಡ್ಸಿದ್ರೂ ನಿಲ್ಲಲ್ಲ, ಅವರ ಯುಟಿಲಿಟಿ ಲೈನನ್ನ ಮೇಲಿಂದ ಬರೋ ಪೈಪಿಂದ ಬಿಡಿಸಿ ನೇರ ಚೇಂಬರಿಗೆ ಬೇರೆಯಾಗಿ ಕೊಡಿಸ್ಬೇಕು.